ಮಳೆ ಎತ್ತಿಸಿದ ಮೂಟೆ: ಡಿಸ್ಕ್ ಆಪರೇಷನ್ ನಂತರ ಮತ್ತೆ ಬಾರ್ ಹಿಡಿದ ಒಬ್ಬರ ಪ್ರಕರಣ

ಹಿನ್ನೆಲೆ

ದಕ್ಷಿಣ ಕೊಡಗಿನ ಪೇಟೆಯೊಂದರಲ್ಲಿ ನನ್ನದೊಂದು ಚಿಕ್ಕ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು, ಮೂಟೆ ಹೊತ್ತು ಸೊಂಟ ಹಿಡಿದವರು, ಹಾಕಿ ಆಡಿ ಮಂಡಿ ತಿರುಚಿಕೊಂಡವರು, ಇವರ ನಡುವೆಯೇ ನನ್ನ ದಿನ ಕಳೆಯುತ್ತದೆ. ಡೆಡ್‌ಲಿಫ್ಟ್ (ಎರಡೂ ತುದಿಗೆ ತೂಕದ ಪ್ಲೇಟು ಹಾಕಿದ ಕಬ್ಬಿಣದ ಬಾರನ್ನು ಬಗ್ಗಿ ಹಿಡಿದು, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು) ಮಾಡಲು ಹೋಗಿ ಪೆಟ್ಟು ಮಾಡಿಕೊಂಡವರು ಬರುವುದು ಅಪರೂಪ. ಹಾಗೆ ಬಂದ ಒಬ್ಬರ ಒಂದು ವರ್ಷದ ಕತೆಯನ್ನು, ಅವರ ಒಪ್ಪಿಗೆ ಪಡೆದು, ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಬೆಳೆಗಾರರು ಎಂದಷ್ಟೇ ಕರೆಯುತ್ತೇನೆ. ಇದರಲ್ಲಿ ನನ್ನ ತಪ್ಪುಗಳೂ ಇವೆ. ನನ್ನಂತೆ ಕೆಲಸ ಮಾಡುವವರಿಗೆ ಬಹುಶಃ ಅವೇ ಹೆಚ್ಚು ಉಪಯೋಗಕ್ಕೆ ಬಂದಾವು.

ಬೆಳೆಗಾರರಿಗೆ ಆಗ ನಲವತ್ತರ ಹತ್ತಿರ. ರೋಬಸ್ಟಾ ಕಾಫಿ ತೋಟ, ಮನೆಯಲ್ಲಿ ಅವ್ವ, ಹೆಂಡತಿ, ಆರು ವರ್ಷದ ಮಗಳು. ಎಂಟು ವರ್ಷದಿಂದ ಪೇಟೆಯ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದರು. ಡೆಡ್‌ಲಿಫ್ಟ್‌ನಲ್ಲಿ ಅವರ ದಾಖಲೆ 170 ಕೆ.ಜಿ. ಪೆಟ್ಟಾದದ್ದು 150ರಲ್ಲಿ. ಅದು ಅವರು ನೂರು ಸಲ ಎತ್ತಿದ್ದ ತೂಕ. ಜನವರಿ ಕೊನೆ, ಕೊಯ್ಲು ಜೋರಾಗಿದ್ದ ಕಾಲ. ಆ ವಾರ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ. ಮಧ್ಯಾಹ್ನವೆಲ್ಲ ಜೀಪಿನಲ್ಲಿ, ಸಂಜೆ ಕಣದಲ್ಲಿ, ರಾತ್ರಿ ಎಂಟಕ್ಕೆ ಜಿಮ್‌ನಲ್ಲಿ. ನಾಲ್ಕನೇ ಸಲ ಎತ್ತುವಾಗ ಸೊಂಟದಲ್ಲಿ ಏನೋ ಜಾರಿದಂತಾಯಿತು. ಮೂರು ದಿನದಲ್ಲಿ ನೋವು ಎಡಗಾಲಿಗೆ ಇಳಿಯಿತು. ಎರಡು ವಾರ ಕಳೆಯುವಷ್ಟರಲ್ಲಿ ಎಡಪಾದವನ್ನು ಮೇಲಕ್ಕೆತ್ತಲು ಆಗುತ್ತಿರಲಿಲ್ಲ. ನಾಲ್ಕು ಮತ್ತು ಐದನೇ ಸೊಂಟದ ಮೂಳೆಗಳ ನಡುವಿನ ಡಿಸ್ಕ್ ಜಾರಿ, ಪಾದ ಎತ್ತುವ ನರವನ್ನು ಒತ್ತಿ ಹಿಡಿದಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಿತಿಮತಿ ದಾರಿಯಾಗಿ ಮೈಸೂರಿಗೆ ಕರೆದೊಯ್ದರು. ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು.

ನನ್ನ ಬಳಿ ಬಂದದ್ದು ಒಂಬತ್ತು ತಿಂಗಳ ನಂತರ, ನವೆಂಬರ್‌ನಲ್ಲಿ.

ಸಮಸ್ಯೆ

ದೇಹದಲ್ಲಿ ಹೇಳಿಕೊಳ್ಳುವಂಥ ತೊಂದರೆ ಇರಲಿಲ್ಲ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆದರು, ಎಡ ಹೆಬ್ಬೆರಳು ಬಲದಷ್ಟೇ ಗಟ್ಟಿಯಾಗಿ ಎತ್ತಿ ನಿಂತಿತು. ಭಾರ ಎತ್ತಬಹುದು, ನಿಧಾನಕ್ಕೆ ಏರಿಸಿ ಎಂದು ಆಪರೇಷನ್ ಮಾಡಿದ ಡಾಕ್ಟರೇ ಬರೆದುಕೊಟ್ಟಿದ್ದರು. ಅವರು ಜಿಮ್‌ಗೆ ಹೋಗುತ್ತಲೂ ಇದ್ದರು. ಆದರೆ 60 ಕೆ.ಜಿ.ಯಲ್ಲಿ ನಿಂತಿದ್ದರು.

ಆ 60 ಹೇಗಿತ್ತು ಎಂದರೆ: ಬೆಲ್ಟ್ ಬಿಗಿಯುವುದು, ಸಡಿಲಿಸುವುದು, ಮತ್ತೆ ಬಿಗಿಯುವುದು. ಅಂಗೈಗೆ ಸೀಮೆಸುಣ್ಣದ ಪುಡಿ. ಬಾರಿನ ಸುತ್ತ ಒಂದು ಸುತ್ತು. ಬಗ್ಗಿ ಹಿಡಿಯುವುದು, ಉಸಿರು ಕಟ್ಟುವುದು, ಬಿಟ್ಟು ಎದ್ದು ಹೋಗಿ ನೀರು ಕುಡಿಯುವುದು. ಹತ್ತು ನಿಮಿಷದಲ್ಲಿ ಎರಡು ಸಲ ಎತ್ತಿದರೆ ಹೆಚ್ಚು. ಮನೆಯಲ್ಲಿ ಲೇಸ್ ಇರುವ ಶೂ ಬಿಟ್ಟು ಚಪ್ಪಲಿಗೆ ಬಂದಿದ್ದರು. ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅವಳು ಕುರ್ಚಿ ಹತ್ತಿ ಅಪ್ಪನ ಕೊರಳಿಗೆ ಜೋತು ಬೀಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಚಲನೆಯ ಭಯವನ್ನು ಅಳೆಯಲು ಟ್ಯಾಂಪಾ ಮಾಪಕ ಎಂಬುದೊಂದಿದೆ. ಹದಿನೇಳು ಹೇಳಿಕೆಗಳು, ಒಂದೊಂದಕ್ಕೂ ಒಂದರಿಂದ ನಾಲ್ಕು ಅಂಕ. ಒಟ್ಟು 17ರಿಂದ 68ರವರೆಗೆ ಬರಬಹುದು, 37 ದಾಟಿದರೆ ಭಯ ಹೆಚ್ಚು ಎಂದು ಲೆಕ್ಕ. ಇವರದು 49.

ಬೆನ್ನುನೋವಿನಲ್ಲಿ ಭಯ ಹೇಗೆ ಬೇರೂರುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ವ್ಲಾಯೆನ್ ಮತ್ತು ಲಿಂಟನ್ 2000ದಲ್ಲಿ ವಿವರವಾಗಿ ಬರೆದಿದ್ದಾರೆ. ನೋವನ್ನು ಅನಾಹುತ ಎಂದು ಓದಿಕೊಂಡವನು ಚಲನೆ ತಪ್ಪಿಸುತ್ತಾನೆ, ತಪ್ಪಿಸಿದ್ದರಿಂದ ಮೈ ಬಲ ಕುಗ್ಗುತ್ತದೆ, ಬಲ ಕುಗ್ಗಿದ್ದರಿಂದ ಸಣ್ಣ ಕೆಲಸವೂ ನೋಯಿಸುತ್ತದೆ, ಆ ನೋವು ಭಯಕ್ಕೆ ಸಾಕ್ಷಿಯಾಗುತ್ತದೆ. ಇದನ್ನು ನಾನು ಓದಿದ್ದೆ, ಪರೀಕ್ಷೆಗೂ ಬರೆದಿದ್ದೆ. ಹಾಗಿದ್ದೂ ಮೊದಲ ಮೂರು ತಿಂಗಳು ಮಾಡಿದ್ದು ಹೆಚ್ಚುಕಡಿಮೆ ತಿರುಗುಮುರುಗು.

ಮೊದಲು ಮಾಡಿದ್ದು

ತಾಂತ್ರಿಕವಾಗಿ ಸರಿಯಾದದ್ದೊಂದು ಇತ್ತು. ಸ್ಪರ್ಧೆಯ ಅಳತೆಯ ದೊಡ್ಡ ಪ್ಲೇಟಿಗೆ 45 ಸೆಂ.ಮೀ. ವ್ಯಾಸ, ಅಂದರೆ ಬಾರು ನೆಲದಿಂದ ಇಪ್ಪತ್ತೆರಡೂವರೆ ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ನಮ್ಮ ಜಿಮ್‌ನ 10 ಕೆ.ಜಿ.ಯ ಕಬ್ಬಿಣದ ಪ್ಲೇಟು ಅದಕ್ಕಿಂತ ತುಂಬ ಚಿಕ್ಕದು. ಹಾಗಾಗಿ ಚಿಕ್ಕ ಪ್ಲೇಟಿನ ಹಗುರವಾದ 40ನ್ನು ಎತ್ತುವವನು ದೊಡ್ಡ ಪ್ಲೇಟಿನ 60 ಎತ್ತುವವನಿಗಿಂತ ಹೆಚ್ಚು ಬಗ್ಗಬೇಕು! ಭಯ ಇರುವವನಿಗೆ ತೂಕ ಇಳಿಸಿದರೆ ಸಾಲದು, ಬಾರನ್ನು ಏರಿಸಬೇಕು. ಅವರ ತೋಟದಲ್ಲಿ ಕಡಿದ ಸಿಲ್ವರ್ ಓಕ್ ಹಲಗೆಗಳನ್ನು ತರಿಸಿ, ಎರಡೂ ಕಡೆ ಅಟ್ಟಿ ಕಟ್ಟಿ, ಬಾರನ್ನು ಮಂಡಿಯ ಮಟ್ಟಕ್ಕೆ ತಂದೆವು. ಎರಡು ವಾರಕ್ಕೊಂದು ಹಲಗೆ ತೆಗೆಯುವುದು ಎಂದು ಮಾತು.

ಆದರೆ ಬಾಯಿ ಸುಮ್ಮನಿರಲಿಲ್ಲ. ಒಂದು ದಿನದ ಅಭ್ಯಾಸವನ್ನು ಜಿಮ್‌ನ ಕೋಚ್ ಫೋನಿನಲ್ಲಿ ಚಿತ್ರೀಕರಿಸಿದ್ದ. ರಾತ್ರಿ ಕೂತು ನೋಡಿದೆ. ಹತ್ತು ನಿಮಿಷದ ವಿಡಿಯೋದಲ್ಲಿ 'ಬೆನ್ನು ನೇರ', 'ಜೋಪಾನ', 'ಸೊಂಟ ನೋಡಿಕೊಳ್ಳಿ' ಎಂಬಂಥ ಮಾತುಗಳನ್ನು ನಾನು ಹನ್ನೊಂದು ಸಲ ಹೇಳಿದ್ದೆ. 40 ಕೆ.ಜಿ.ಗೆ! ಎಂಟು ವರ್ಷ ಭಾರ ಎತ್ತಿದವರಿಗೆ! ಹಾಗೆ ಎತ್ತಬೇಕಾದ ರೀತಿ ಅವರಿಗೆ ಗೊತ್ತಿತ್ತು. ನನ್ನ ಪ್ರತಿ ಎಚ್ಚರಿಕೆಯೂ ಅವರ ಕಿವಿಗೆ 'ನಿನ್ನ ಬೆನ್ನು ಈಗಲೂ ಗಾಜು' ಎಂದೇ ಬೀಳುತ್ತಿತ್ತು. ಮನೆಯಲ್ಲೂ ಅದೇ ರಾಗ. 'ಮಗಾ, ಬಗ್ಗಬೇಡ' ಎಂದು ಅವ್ವ, ಬಕೆಟ್ ಮುಟ್ಟುವ ಮೊದಲೇ ಎತ್ತಿಕೊಂಡು ಹೋಗುವ ಹೆಂಡತಿ.

ಧೈರ್ಯದ ಕತೆಗಳಿಗೂ ಕೊರತೆ ಇರಲಿಲ್ಲ. 2018ರಲ್ಲಿ ಬೆನ್ನುನೋವಿನಿಂದ ಏಷ್ಯನ್ ಗೇಮ್ಸ್ ತಪ್ಪಿಸಿಕೊಂಡ ಮೀರಾಬಾಯಿ ಚಾನು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ಗೆದ್ದದ್ದನ್ನು ಕೋಚ್ ವಾರಕ್ಕೊಮ್ಮೆ ಹೇಳುತ್ತಿದ್ದ. ಊರಿನವರಿಗಂತೂ ಕೊಡಗಿನವರೇ ಆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಇದ್ದರು: 2024ರಲ್ಲಿ, 43ರ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ. ಬೆಳೆಗಾರರು ಎಲ್ಲವನ್ನೂ ತಲೆಯಾಡಿಸುತ್ತಾ ಕೇಳಿ, ಒಮ್ಮೆ ನನ್ನ ಕಡೆ ತಿರುಗಿ, 'ಅವರಿಗೆಲ್ಲ ಆಯ್ತು ಮೇಡಂ. ನನಗೆ ಯಾಕೆ ಆಗಿಲ್ಲ ಅಂತ ಇವನು ಕೇಳ್ತಿದ್ದಾನೆ' ಎಂದರು. ಅಲ್ಲಿಗೆ ಆ ಕತೆಗಳನ್ನು ನಿಲ್ಲಿಸಿದೆವು.

ಮೂಟೆ

ಜನವರಿಯಲ್ಲಿ ಅಕಾಲಿಕ ಮಳೆ ಬಂತು. ಕಣದಲ್ಲಿ ಒಣಗಿ ಮೂಟೆ ಕಟ್ಟಿಟ್ಟ ಚೆರ್ರಿ (ಕಾಫಿ ಹಣ್ಣು) ಇತ್ತು, 50 ಕೆ.ಜಿ.ಯ ಮೂಟೆಗಳು. ಕೆಲಸದವರು ಲೈನ್‌ಮನೆಗೆ ಹೋಗಿಯಾಗಿತ್ತು, ಇದ್ದದ್ದು ಇವರು ಮತ್ತು ತೋಟದ ಲೆಕ್ಕ ನೋಡುವ ರೈಟರ್. ಇಬ್ಬರೂ ಸೇರಿ ಹದಿನಾಲ್ಕು ಮೂಟೆ ಗೋದಾಮಿಗೆ ಸಾಗಿಸಿದರು. ಒಂದಷ್ಟನ್ನು ಜೋಡಿಯಾಗಿ, ಕೊನೆಯ ಐದಾರನ್ನು ಇವರೊಬ್ಬರೇ ಬೆನ್ನಿಗೆ ಹಾಕಿಕೊಂಡು.

ಮರುದಿನ ಬೆಳಿಗ್ಗೆ ಗಾಬರಿಯಿಂದ ಫೋನ್ ಮಾಡಿದರು. ಸೊಂಟದಲ್ಲಿ ಬಿಗಿತ, ಕಾಲಿಗೆ ಏನೂ ಇಲ್ಲ. ನನಗೆ ಸಂಭ್ರಮವೋ ಸಂಭ್ರಮ. 'ನೋಡಿದಿರಾ! ನಿಮ್ಮ ಬೆನ್ನಿಗೆ ಏನೂ ಆಗಿಲ್ಲ. 60 ಎತ್ತಲು ಹೆದರುವವರು ಮೂಟೆ ಹೊತ್ತಿದ್ದೀರಿ' ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಅದು ನಾನಲ್ಲ ಮೇಡಂ. ಮಳೆ ಎತ್ತಿಸಿದ್ದು' ಎಂದರು.

ಆಗ ಆ ಮಾತಿನ ತೂಕ ನನಗೆ ತಿಳಿಯಲಿಲ್ಲ. ಆ ವಾರ ಅವರು ಜಿಮ್‌ಗೆ ಬರಲಿಲ್ಲ. ಬಂದಾಗ 60 ಸಹ ಬೇಡ ಎಂದರು.

ನಮ್ಮ ದೊಡ್ಡ ತಪ್ಪು

ಫೆಬ್ರವರಿಯಲ್ಲಿ ನಾನೂ ಕೋಚೂ ಸೇರಿ ಒಂದು ಉಪಾಯ ಮಾಡಿದೆವು. ಜಿಮ್‌ಗಳಲ್ಲಿ ಇದು ಹೊಸದಲ್ಲ. ಎತ್ತುವವನಿಗೆ ತೂಕ ತಿಳಿಯದಂತೆ ಮಾಡುವುದು. ಪ್ಲೇಟುಗಳಿಗೆ ಗೋಣಿಚೀಲ ಸುತ್ತಿ, 'ಇದು 55' ಎಂದೆವು. ಹಾಕಿದ್ದು 80. ಅವರು ಎಂದಿನಂತೆ ಒಂದು ಸುತ್ತು ಹಾಕಿ, ಬಗ್ಗಿ, ಎತ್ತಿದರು. ಮೂರು ಸಲ, ಸಲೀಸಾಗಿ. ಕೋಚ್ ಗೋಣಿ ಕಿತ್ತು ತೋರಿಸಿ ಚಪ್ಪಾಳೆ ತಟ್ಟಿದ. 'ಎಂಬತ್ತು ಅಣ್ಣಾ, ಎಂಬತ್ತು!'

ಅವರು ಬಾರನ್ನೇ ನೋಡುತ್ತಾ ನಿಂತರು. ಬೆಲ್ಟ್ ಬಿಚ್ಚಿ, ಸುರುಳಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಇಪ್ಪತ್ತೈದು ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ.

ಮಾರ್ಚ್‌ನಲ್ಲಿ ಒಂದು ದಿನ ಕ್ಲಿನಿಕ್‌ಗೇ ಬಂದರು. ಸಿಟ್ಟಿನಲ್ಲಿ ಇರಲಿಲ್ಲ. 'ಎಂಬತ್ತು ಅಂದಾಗ ಖುಷಿ ಆಗಬೇಕಿತ್ತು. ನನಗೆ ಬಂದ ಯೋಚನೆ ಬೇರೆ. ನಾಳೆ ನೀವು 55 ಅಂದರೆ ಅದು 55 ಅಂತ ಹೇಗೆ ನಂಬಲಿ?' ಎಂದರು. ಬೆನ್ನನ್ನು ನಂಬಲಾಗದವರಿಗೆ ನಂಬಲು ಉಳಿದಿದ್ದು ನಮ್ಮ ಮಾತು ಒಂದೇ. ಅದನ್ನೂ ನಾವೇ ಕಿತ್ತುಕೊಂಡಿದ್ದೆವು. ಅಕಸ್ಮಾತ್ ಅವತ್ತು ಸೊಂಟ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ. ಕ್ಷಮೆ ಕೇಳಿದೆ. ಗೋಣಿ ಉಪಾಯ ಮತ್ತೆ ಯಾರಿಗೂ ಮಾಡಿಲ್ಲ.

ಮೂಟೆಯ ವಿಷಯ ನನಗೆ ಅರ್ಥವಾದದ್ದೂ ಅವತ್ತೇ. ಮೂಟೆ, ಗೋಣಿ ಸುತ್ತಿದ 80, ಎರಡರಲ್ಲೂ ಬೆನ್ನು ಗೆದ್ದಿತ್ತು, ಆದರೆ ಅವರು ಅದರಲ್ಲಿ ಇರಲಿಲ್ಲ. ಹೆದರಿಕೆಯನ್ನು ಎದುರಿಗಿಟ್ಟುಕೊಂಡು 'ಎತ್ತುತ್ತೇನೆ' ಎಂದು ಅವರೇ ಹೇಳಿ ಎತ್ತಿದ್ದಲ್ಲ. ಮನೋವಿಜ್ಞಾನಿ ಮಿಶೆಲ್ ಕ್ರಾಸ್ಕೆ ಮತ್ತು ಸಂಗಡಿಗರು 2014ರಲ್ಲಿ ಭಯದ ಚಿಕಿತ್ಸೆಯ ಬಗ್ಗೆ ಬರೆದದ್ದು ನೆನಪಾಯಿತು: ಹಳೆಯ ಭಯ ಅಳಿಸಿ ಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಕಲಿಕೆಯೊಂದು ಬೆಳೆಯಬೇಕು. ಆ ಕಲಿಕೆಗೆ ಗೊಬ್ಬರ ಯಾವುದೆಂದರೆ, ಏನಾಗುತ್ತದೆ ಎಂದು ಮೊದಲೇ ಊಹಿಸಿ, ಆ ಊಹೆ ಸುಳ್ಳಾಗುವುದನ್ನು ಸ್ವತಃ ಕಾಣುವುದು. ಊಹೆಯೇ ಇಲ್ಲದಿದ್ದರೆ ಸುಳ್ಳಾಗುವುದಾದರೂ ಏನು?

ಚೆಕ್‌ರೋಲ್

ಅವರೇ ಒಂದು ಹಳೆಯ ಚೆಕ್‌ರೋಲ್ ಪುಸ್ತಕ ತಂದರು, ತೋಟದಲ್ಲಿ ಕೆಲಸದವರ ಹಾಜರಿ ಬರೆಯುವ ಉದ್ದನೆಯ ಪುಸ್ತಕ. ಅದರಲ್ಲಿ ಐದು ಕಲಂ ಎಳೆದೆವು. ತೂಕ ಎಷ್ಟು, ಏನಾಗುತ್ತದೆ ಎಂದು ಭಯ, ಎಷ್ಟು ಖಾತ್ರಿ, ಏನಾಯಿತು, ಮರುದಿನ ಬೆಳಿಗ್ಗೆ ಹೇಗಿತ್ತು. ಮೊದಲ ಮೂರು ಕಲಂ ತುಂಬುವವರೆಗೆ ಬಾರ್ ಮುಟ್ಟುವಂತಿಲ್ಲ. ತೂಕ ಆರಿಸುವುದು ಅವರು. ಒಂದು ಸಲಕ್ಕೆ 5 ಕೆ.ಜಿ.ಗಿಂತ ಹೆಚ್ಚು ಏರಿಸಲು ಹೋದರೆ ಬೇಡ ಎನ್ನುವ ಹಕ್ಕಷ್ಟೇ ನನ್ನದು. ನೋವು ಹತ್ತರಲ್ಲಿ ಮೂರರೊಳಗಿದ್ದು ಒಂದು ದಿನದಲ್ಲಿ ಇಳಿದರೆ ಮುಂದುವರಿಸುವುದು. ನಾನು ಬಾಯಿ ಮುಚ್ಚಿಕೊಂಡಿರುವುದು.

ಮೊದಲ ಸಾಲು ಹೀಗಿತ್ತು: '40. ಎಡಗಾಲಿಗೆ ಕರೆಂಟು ಹೊಡೆಯುತ್ತೆ. ನೂರಕ್ಕೆ 70.' ನಾಲ್ಕನೇ ಕಲಂನಲ್ಲಿ: 'ಹೊಡೆಯಲಿಲ್ಲ. ಕೈ ಬೆವರಿತು.' ಐದನೆಯದರಲ್ಲಿ: 'ಬಿಗಿತ. ಸ್ನಾನ ಆದ ಮೇಲೆ ಹೋಯ್ತು.'

ಹತ್ತು ಹನ್ನೆರಡು ಸಾಲು ಆಗುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಭಯದ ಕಲಂನಲ್ಲಿ ಸೊಂಟ ಎಲ್ಲೂ ಇಲ್ಲ, ಎಲ್ಲ ಕಡೆ ಎಡಗಾಲು. ಯಾಕೆ ಎಂದು ಕೇಳಿದೆ. ಆಪರೇಷನ್‌ಗೆ ನಾಲ್ಕು ದಿನ ಮುಂಚೆ ಮನೆಯ ಮೆಟ್ಟಿಲು ಹತ್ತುವಾಗ ಎಡಗಾಲ ಚಪ್ಪಲಿ ಕಳಚಿ ಕೆಳಗೆ ಉರುಳಿತ್ತಂತೆ. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಹಿಂದೆ ಬರುತ್ತಿದ್ದ ಮಗಳು ಚಪ್ಪಲಿ ಎತ್ತಿಕೊಂಡು, 'ಅಪ್ಪಾ, ಬಿದ್ದೋಯ್ತು' ಎಂದು ಕೊಟ್ಟಿದ್ದಳು. 'ನೋವು ತಡ್ಕೋಬಹುದು ಮೇಡಂ. ಕ್ಲಚ್ ಮೇಲಿನ ಕಾಲು ಏಳದಿದ್ದರೆ ತೋಟ ಯಾರು ನೋಡ್ತಾರೆ?'

ಐದು ತಿಂಗಳು ನಾನು ಬೆನ್ನಿನ ಭಯಕ್ಕೆ ಔಷಧಿ ಕೊಡುತ್ತಿದ್ದೆ. ಇದ್ದದ್ದು ಪಾದದ ಭಯ. 'ಏನಕ್ಕೆ ಹೆದರುತ್ತೀರಿ' ಎಂದು ಮೊದಲ ದಿನ ಕೇಳಿದ್ದೆ, 'ಮತ್ತೆ ನೋವು ಬಂದರೆ' ಎಂದಿದ್ದರು, ಬರೆದುಕೊಂಡು ಮುಂದೆ ಹೋಗಿದ್ದೆ. ಮೊದಲ ಉತ್ತರ ಸಾಮಾನ್ಯವಾಗಿ ಮರ್ಯಾದೆಯ ಉತ್ತರ. ಈಗ ಅದನ್ನೇ ಮೂರು ಬೇರೆ ಬೇರೆ ದಿನ ಕೇಳುತ್ತೇನೆ.

ಅಲ್ಲಿಂದ ಎತ್ತುವ ಮೊದಲು ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ಎತ್ತಿದ ಮೇಲೆ ಹತ್ತು ಹೆಜ್ಜೆ. ಪಾದ ಇದ್ದ ಹಾಗೇ ಇದೆ ಎಂದು ಅವರೇ ನೋಡಿಕೊಳ್ಳಲಿ ಎಂದು. ಇದರಲ್ಲಿ ನನಗೆ ಅನುಮಾನವೂ ಇತ್ತು. ಪದೇ ಪದೇ ಪರೀಕ್ಷಿಸುವುದು ಬೆಲ್ಟ್‌ನಂತೆಯೇ ಇನ್ನೊಂದು ಊರುಗೋಲಾಗಬಹುದು. ಹಾಗಾಗಿ ಆರು ವಾರದ ನಂತರ ಎತ್ತಿದ ಮೇಲಿನ ಪರೀಕ್ಷೆ ಬಿಟ್ಟೆವು, ಮತ್ತೊಂದು ತಿಂಗಳಿಗೆ ಮೊದಲಿನದನ್ನು ವಾರಕ್ಕೊಮ್ಮೆಗೆ ಇಳಿಸಿದೆವು. ಬಿಡುವ ದಿನವನ್ನೂ ಅವರೇ ಆರಿಸಿದರು.

ಅವ್ವನನ್ನೂ ಹೆಂಡತಿಯನ್ನೂ ಒಂದು ದಿನ ಕರೆಸಿ, 'ಜೋಪಾನ' ಎನ್ನುವುದನ್ನು ನಾನೂ ಬಿಟ್ಟಿದ್ದೇನೆ, ನೀವೂ ಬಿಡಿ ಎಂದು ಕೇಳಿಕೊಂಡೆ. ಅವ್ವ ಸೆರಗು ಸರಿಮಾಡಿಕೊಂಡು, 'ಹೇಳೋದು ಬಿಡ್ತೇನೆ. ನೋಡೋದು ಬಿಡಕ್ಕಾಗಲ್ಲ' ಎಂದರು. ಅಷ್ಟಾದರೂ ಸಾಕಿತ್ತು.

ಜುಲೈ

ಜೂನ್ ಮುಗಿಯುವಾಗ 75ಕ್ಕೆ ಬಂದಿದ್ದರು, ಹಲಗೆಗಳೆಲ್ಲ ಹೋಗಿದ್ದವು. ಜುಲೈನ ಒಂದು ಮಳೆಗಾಲದ ಬೆಳಿಗ್ಗೆ, ಮುಖ ತೊಳೆಯಲು ಬಗ್ಗಿ ಸೀನಿದಾಗ ಸೊಂಟ ಹಿಡಿದುಕೊಂಡಿತು. ಬಾರ್ ಅಲ್ಲ, ಮೂಟೆ ಅಲ್ಲ, ಸೀನು.

ಇಡೀ ಪ್ರಕರಣದ ತಿರುವು ಇದು ಎಂದು ನನ್ನ ಅಂದಾಜು. ಅವರಿಗೆ ಮೈಸೂರಿಗೆ ಹೋಗಿ ಎಂಆರ್‌ಐ ಮಾಡಿಸುವ ತವಕ. ನಾನು ಮನೆಗೇ ಹೋಗಿ ನೋಡಿದೆ. ಪಾದದ ಬಲ, ಚರ್ಮದ ಸ್ಪರ್ಶ, ಮೊಣಕಾಲಿನ ಮತ್ತು ಹಿಮ್ಮಡಿಯ ಪ್ರತಿಕ್ರಿಯೆ ಎಲ್ಲವೂ ಹಿಂದಿನಂತೆಯೇ. ಯಾವ ನೋವೂ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ವಿಷಯ ಹೇಳಿದೆ. ನಲವತ್ತರ ವಯಸ್ಸಿನಲ್ಲಿ ನೋವೇ ಇಲ್ಲದವರಲ್ಲೂ ನೂರಕ್ಕೆ ಐವತ್ತು ಜನರ ಡಿಸ್ಕ್ ಉಬ್ಬಿರುತ್ತದೆ. ಈಗ ಸ್ಕ್ಯಾನ್ ಮಾಡಿಸಿದರೆ ಏನಾದರೊಂದು ಕಂಡೇ ಕಾಣುತ್ತದೆ, ಅದು ಹಳೆಯದೋ ಹೊಸದೋ ಎಂಬುದೇ ಇನ್ನೊಂದು ತಿಂಗಳ ನಿದ್ದೆ ಕೆಡಿಸುತ್ತದೆ. ಆದರೆ ಈ ಆಪರೇಷನ್ ಆದವರಲ್ಲಿ ನೂರಕ್ಕೆ ಐದರಿಂದ ಹದಿನೈದು ಜನರಿಗೆ ಡಿಸ್ಕ್ ಮತ್ತೆ ಜಾರುವುದುಂಟು ಎಂಬುದನ್ನೂ ಮುಚ್ಚಿಡಲಿಲ್ಲ. ಗೋಣಿ ಸುತ್ತುವುದು ಮಾತಿನಲ್ಲೂ ಬೇಡ ಎಂದು ತೀರ್ಮಾನಿಸಿದ್ದೆ. ಚೆಕ್‌ರೋಲಿನ ಹಿಂದಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದೆವು: ಪಾದದ ಬಲ ಕುಗ್ಗಿದರೆ, ತೊಡೆಸಂದು ಅಥವಾ ಗುದದ ಸುತ್ತ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆ. ಇವು ಯಾವುವೂ ಇಲ್ಲದಿದ್ದರೆ ಎರಡು ವಾರ ಕಾಯುವುದು.

ಎರಡನೇ ನಿರ್ಧಾರ, ಬಾರನ್ನು ಪೂರ್ತಿ ಬಿಡದಿರುವುದು. ಐದನೇ ದಿನ ಹಲಗೆಗಳನ್ನು ಮತ್ತೆ ಅಟ್ಟಿ ಕಟ್ಟಿ, ಬರೀ ಬಾರು, 20 ಕೆ.ಜಿ. ಎಂಟನೇ ದಿನ 40. ಹನ್ನೊಂದನೇ ದಿನದ ಸಾಲಿನಲ್ಲಿ ಅವರು ಬರೆದದ್ದು ಎರಡೇ ಮಾತು: 'ಹಿಡಿಯಿತು. ಬಿಟ್ಟಿತು.'

ಅಲ್ಲಿಯವರೆಗಿನ ನಲವತ್ತು ಸಾಲುಗಳಲ್ಲಿ ಅವರು ಕಲಿತದ್ದು 'ಏನೂ ಆಗಲಿಲ್ಲ' ಎಂದು. ಜುಲೈ ಕಲಿಸಿದ್ದು 'ಆಯಿತು, ಆದರೂ ಹೋಯಿತು' ಎಂದು. ಎರಡನೆಯದು ಹೆಚ್ಚು ಬಾಳಿಕೆ ಬರುವ ಧೈರ್ಯ ಎಂದು ನನ್ನ ಅನುಭವ, ಆದರೆ ಅದನ್ನು ಬೇಕೆಂದು ಮಾಡಿಸಲು ಬರುವುದಿಲ್ಲ. ಬಂದಾಗ ಕೆಡಿಸದೆ ಇರಬಹುದು, ಅಷ್ಟೇ.

ಆಮೇಲೆ

ಆಗಸ್ಟ್‌ನಲ್ಲಿ ವೇಗ ತಾನಾಗಿ ಬಂತು. ಖಾತ್ರಿಯ ಕಲಂನಲ್ಲಿ 70, 60 ಇದ್ದದ್ದು 20, 15ಕ್ಕೆ ಇಳಿಯಿತು. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ 100. ಎರಡೂ ಕಡೆ ಎರಡೆರಡು ದೊಡ್ಡ ಪ್ಲೇಟು. ಅವತ್ತು ಬೆಲ್ಟ್ ಚೀಲದಲ್ಲೇ ಇತ್ತು, ಮರೆತರೋ ಬೇಕೆಂದೇ ಬಿಟ್ಟರೋ ಕೇಳಲಿಲ್ಲ. ಬಾರಿನ ಸುತ್ತ ಹಾಕುವ ಒಂದು ಸುತ್ತು ಮಾತ್ರ ತಪ್ಪಲಿಲ್ಲ, ಇವತ್ತಿಗೂ ತಪ್ಪಿಲ್ಲ. ಅದನ್ನು ಬಿಡಿಸಬೇಕೆಂದು ನನಗೆ ಅನಿಸಿಲ್ಲ. ಹಾಕಿ ಆಟಗಾರರು ಮೈದಾನಕ್ಕೆ ಇಳಿಯುವಾಗ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಿಲ್ಲವೇ.

ನವೆಂಬರ್ ಕೊನೆಗೆ 145. ಟ್ಯಾಂಪಾ ಅಂಕ 33. ಲೇಸಿನ ಶೂ ಮರಳಿತು. ಮಗಳು ಈಗ ಕುರ್ಚಿ ಹತ್ತುವುದಿಲ್ಲ, ಕೈ ಮೇಲೆತ್ತಿ ನಿಲ್ಲುತ್ತಾಳೆ. ಮೂಟೆಗಳನ್ನು ಮಾತ್ರ ಯಾವಾಗಲೂ ಇಬ್ಬರೇ ಸೇರಿ ಎತ್ತುವುದು ಎಂದು ಅವರು ತೋಟದಲ್ಲಿ ಕಟ್ಟಳೆ ಮಾಡಿದ್ದಾರೆ, ಎಲ್ಲರಿಗೂ. ಅದು ಭಯವಲ್ಲ, ಯಜಮಾನನ ಬುದ್ಧಿ ಎಂದು ನಾನು ಒಪ್ಪುತ್ತೇನೆ.

ಡಿಸೆಂಬರ್ ಮೊದಲ ವಾರ ಜಿಮ್‌ಗೆ ಹೋದಾಗ ಚೆಕ್‌ರೋಲ್ ಬೆಂಚಿನ ಮೇಲೆ ತೆರೆದಿತ್ತು. ಕೊನೆಯ ಸಾಲಿನಲ್ಲಿ '150' ಎಂದು ಬರೆದಿದ್ದರು. ಭಯದ ಕಲಂನಲ್ಲಿ 'ನಾಲ್ಕನೇ ಸಲ.' ಖಾತ್ರಿ, ನೂರಕ್ಕೆ 30. ಉಳಿದ ಎರಡು ಕಲಂ ಖಾಲಿ. ಬಾರಿಗೆ ಪ್ಲೇಟು ಹಾಕಿರಲಿಲ್ಲ. ಅವರು ಕಿಟಕಿ ಹತ್ತಿರ ನಿಂತು ಫೋನಿನಲ್ಲಿ ರೈಟರ್ ಜೊತೆ ಕೊಯ್ಲಿಗೆ ಎಷ್ಟು ಜನ ಬರುತ್ತಾರೆ ಎಂದು ಮಾತಾಡುತ್ತಿದ್ದರು. ನಾನು ಪುಸ್ತಕ ನೋಡಿದ್ದನ್ನು ನೋಡಿ ಫೋನ್ ಇಟ್ಟು ಬಂದರು.

'ಕೊಯ್ಲು ಮುಗಿಯಲಿ ಮೇಡಂ. ಈಗ ನಿದ್ದೆ ಸರಿ ಇರೋದಿಲ್ಲ' ಎಂದು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.